ಋತುಮಾನದ ಹಣ್ಣು–ತರಕಾರಿ: ಲಾಭ ಇರುವುದು ಎಲ್ಲಿ?

ಆಯಾ ಕಾಲದಲ್ಲಿ ಬೆಳೆಯುವ ಹಣ್ಣು, ತರಕಾರಿಗಳನ್ನು ಆಯಾ ಕಾಲದಲ್ಲೇ ತಿನ್ನಬೇಕೆಂಬ ಮಾತನ್ನು ವೈದ್ಯರೂ ಹೇಳುತ್ತಾರೆ, ಪರಿಸರದ ಕಾಳಜಿಯುಳ್ಳವರೂ ಹೇಳುತ್ತಾರೆ, ರುಚಿ ಬಲ್ಲ ಅಡುಗೆಯವರೂ ಹೇಳುತ್ತಾರೆ. ಆದರೆ ಮೂವರೂ ಕೊಡುವ ಕಾರಣ ಬೇರೆ ಬೇರೆ. ಒಬ್ಬರು ಪೋಷಕಾಂಶದ ಮಾತಾಡಿದರೆ ಇನ್ನೊಬ್ಬರು ಇಂಗಾಲದ ಲೆಕ್ಕ ಮುಂದಿಡುತ್ತಾರೆ, ಮತ್ತೊಬ್ಬರು ನಾಲಿಗೆಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಈ ಕಾರಣಗಳಲ್ಲಿ ಕೆಲವಕ್ಕೆ ಗಟ್ಟಿಯಾದ ಆಧಾರವಿದೆ, ಕೆಲವು ಷರತ್ತಿಗೆ ಒಳಪಟ್ಟು ನಿಜ, ಒಂದೆರಡು ಕೇವಲ ನಂಬಿಕೆ. ಬಹುತೇಕ ಎಲ್ಲ ಹಣ್ಣು–ತರಕಾರಿಯೂ ವರ್ಷದ ಹನ್ನೆರಡು ತಿಂಗಳೂ ಅಂಗಡಿಯಲ್ಲಿ ಕಾಣಸಿಗುವ ಈ ದಿನಗಳಲ್ಲಿ, ಯಾವುದು ಆಧಾರವುಳ್ಳ ಮಾತು, ಯಾವುದು ಅಲ್ಲ ಎಂದು ಬಿಡಿಸಿ ನೋಡುವ ಅಗತ್ಯವಿದೆ. ಏಕೆಂದರೆ ‘ಋತುಮಾನದ್ದು’ ಎಂಬ ಹೆಸರಿಗೇ ಗುಣ ಅಂಟಿಕೊಂಡಿಲ್ಲ. ಹಣ್ಣು ಗಿಡದ ಮೇಲೆಯೇ ಬಲಿತಿರುವುದು, ಕೊಯ್ಲಿಗೂ ಊಟಕ್ಕೂ ನಡುವೆ ಹೆಚ್ಚು ದಿನ ಕಳೆಯದಿರುವುದು, ಬೆಳೆಯಲು ಹೊರಗಿನ ಶಾಖ, ಬೆಳಕುಗಳ ಆಸರೆ ಬೇಕಾಗದಿರುವುದು – ಈ ಮೂರೂ ಸಾಮಾನ್ಯವಾಗಿ ಒಟ್ಟಿಗೆ ಕೂಡಿಬರುವುದು ಅದರ ಕಾಲದಲ್ಲಿ. ಲಾಭ ಹುಟ್ಟುವುದು ಆ ಕೂಟದಿಂದ.

ಗಿಡಕ್ಕೆ ಕಾಲ ತಿಳಿಯುವುದು ಹೇಗೆ ಎಂಬುದನ್ನು ಮೊದಲು ನೋಡೋಣ. ಹಗಲಿರುಳಿನ ಉದ್ದ ಹೂ ಬಿಡುವುದನ್ನು ನಿಯಂತ್ರಿಸುತ್ತದೆ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ತೋರಿಸಿಕೊಟ್ಟರು. ಪಾಲಕ್ ದೀರ್ಘ ಹಗಲಿನಲ್ಲಿ ಬೇಗನೆ ಹೂವಿನ ದಂಟು ಎತ್ತುತ್ತದೆ. ದಂಟು ಎದ್ದ ಮೇಲೆ ಎಲೆ ಗಡುಸಾಗಿ ಕಹಿಯಾಗುತ್ತದೆ. ಸೇಬಿನ ಮರ ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪನ್ನು ನೂರಾರು ಗಂಟೆ ಉಂಡ ಮೇಲಷ್ಟೇ ವಸಂತದಲ್ಲಿ ಸರಿಯಾಗಿ ಚಿಗುರಿ ಹೂ ಬಿಡುತ್ತದೆ. ಕ್ಯಾರೆಟ್‌ನಂಥ ಗೆಡ್ಡೆಗಳೂ ಎಲೆಕೋಸಿನ ಜಾತಿಯ ಕೆಲವು ಸೊಪ್ಪುಗಳೂ ಚಳಿ ಹೆಚ್ಚಿದಂತೆ ತಮ್ಮೊಳಗೆ ಸಕ್ಕರೆ ಕೂಡಿಹಾಕಿಕೊಳ್ಳುತ್ತವೆ. ಜೀವಕೋಶದ ನೀರು ಹೆಪ್ಪುಗಟ್ಟದಂತೆ ಗಿಡ ಮಾಡಿಕೊಳ್ಳುವ ಏರ್ಪಾಡು ಅದು, ನಮಗೆ ಸಿಹಿಯಾಗಿ ಸಿಗುತ್ತದೆ. ಹೀಗೆ ಬೆಳಕು, ತಾಪ ಮತ್ತು ತಂಪು ಹೊಂದಿಕೊಂಡು ಬಂದಾಗ ಗಿಡ ತನ್ನ ಪೂರ್ಣ ಶಕ್ತಿಯಲ್ಲಿ ಕಾಯಿ ತುಂಬುತ್ತದೆ. ಹೊಂದಿಕೆ ತಪ್ಪಿದಾಗ ಬೆಳೆಗಾರ ಅದನ್ನು ಹೊರಗಿನಿಂದ ಒದಗಿಸಬೇಕು, ಇಲ್ಲವೇ ಇಳುವರಿಯಲ್ಲೂ ಗುಣದಲ್ಲೂ ಕೊರತೆ ಒಪ್ಪಿಕೊಳ್ಳಬೇಕು.

ಬಲಿಯುವುದು ಮತ್ತು ಮಾಗುವುದು ಎರಡೂ ಒಂದೇ ಅಲ್ಲ ಎಂಬುದು ಈ ಚರ್ಚೆಯಲ್ಲಿ ಬಹಳ ಮುಖ್ಯ. ಬಾಳೆ, ಮಾವು, ಪಪ್ಪಾಯಿ, ಸೇಬು, ಟೊಮೆಟೊಗಳನ್ನು ಬಲಿತ ಕಾಯಿಯಾಗಿರುವಾಗಲೇ ಕೊಯ್ದರೂ ಅವು ಆಮೇಲೆ ಹಣ್ಣಾಗುತ್ತವೆ. ದ್ರಾಕ್ಷಿ, ಕಿತ್ತಳೆ, ಅನಾನಸ್, ಸ್ಟ್ರಾಬೆರಿ, ದಾಳಿಂಬೆ, ಕಲ್ಲಂಗಡಿಗಳು ಹಾಗಲ್ಲ. ಕೊಯ್ದ ಗಳಿಗೆಯಲ್ಲಿ ಎಷ್ಟು ಸಿಹಿಯೋ ಅಷ್ಟೇ, ಆಮೇಲೆ ಬಣ್ಣ ತಿರುಗಬಹುದು, ಮೆತ್ತಗಾಗಬಹುದು, ಸಕ್ಕರೆಯಂತೂ ಹೆಚ್ಚುವುದಿಲ್ಲ. ಎರಡನೆಯ ಗುಂಪಿನ ಹಣ್ಣನ್ನು ಕಾಲಕ್ಕೆ ಮುಂಚೆ ಮಾರುಕಟ್ಟೆಗೆ ತರುವ ಆತುರದಲ್ಲಿ ಕೊಯ್ದರೆ ಆ ಹುಳಿಗೆ ಪರಿಹಾರವಿಲ್ಲ. ಹಂಗಾಮಿನ ಮೊದಲ ವಾರದ ದ್ರಾಕ್ಷಿ ಬೆಲೆಯಲ್ಲಿ ಎಲ್ಲಕ್ಕಿಂತ ಮೇಲೆ, ರುಚಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇರುವುದು ಈ ಕಾರಣಕ್ಕೇ. ಮೊದಲ ಗುಂಪಿನ ಹಣ್ಣುಗಳಲ್ಲಿ ಮಾಗುವಿಕೆಯನ್ನು ನಡೆಸುವುದು ಎಥಿಲೀನ್ ಎಂಬ ಅನಿಲ. ಬ್ರಿಟನ್ನಿನ ರಿಚರ್ಡ್ ಗೇನ್ ಅದನ್ನು ಹಣ್ಣುಗಳು ತಾವೇ ತಯಾರಿಸುತ್ತವೆಂದು 1934ರಲ್ಲಿ ಸಾಬೀತು ಮಾಡಿದರು. ಇಂದು ವರ್ಷವಿಡೀ ಹಣ್ಣು ಸಿಗುವುದರ ಹಿಂದಿರುವ ತಂತ್ರಜ್ಞಾನದ ಬಹುಪಾಲು ಈ ಒಂದು ಅನಿಲವನ್ನು ತಡೆಯುವ ಇಲ್ಲವೇ ಕೊಡುವ ತಂತ್ರವೇ ಆಗಿದೆ.

ಸೇಬಿನ ಶೈತ್ಯಾಗಾರವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಗಾಳಿಯಾಡದಂತೆ ಮುಚ್ಚಿದ ದೊಡ್ಡ ಕೋಣೆ. ಒಳಗೆ ಛಾವಣಿಯವರೆಗೆ ಪೇರಿಸಿದ ಪೆಟ್ಟಿಗೆಗಳು. ತಾಪಮಾನ ಸೊನ್ನೆಗಿಂತ ಕೊಂಚ ಮೇಲೆ. ಸಾಮಾನ್ಯ ಗಾಳಿಯಲ್ಲಿ ಶೇ 21ರಷ್ಟಿರುವ ಆಮ್ಲಜನಕವನ್ನು ಶೇ 1ರಿಂದ 3ಕ್ಕೆ ಇಳಿಸಿರುತ್ತಾರೆ. ಉಸಿರಾಡುವ ಮನುಷ್ಯ ಒಳಗೆ ಹೋದರೆ ಒಂದು ನಿಮಿಷದೊಳಗೇ ಪ್ರಜ್ಞೆ ತಪ್ಪಬಹುದಾದ ಆ ವಾತಾವರಣದಲ್ಲಿ ಸೇಬು ಸಾಯದೆ, ಆದರೆ ಬಹಳ ನಿಧಾನವಾಗಿ ಉಸಿರಾಡುತ್ತಾ ತಿಂಗಳುಗಟ್ಟಲೆ ಕೂತಿರುತ್ತದೆ. ಮೊದಲ ಮಹಾಯುದ್ಧದ ಕೊನೆಯ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಆರಂಭಿಸಿದ ಪ್ರಯೋಗಗಳು ಈ ವಿಧಾನಕ್ಕೆ ತಳಹದಿ. ಎಥಿಲೀನ್‌ಗೆ ಹಣ್ಣು ಸ್ಪಂದಿಸದಂತೆ ಮಾಡುವ 1–ಎಂಸಿಪಿ ಎಂಬ ಅನಿಲ ಈ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಮೇಲೆ ಈ ಅವಧಿ ಇನ್ನಷ್ಟು ಉದ್ದವಾಯಿತು. ಹೀಗೆ ಇಟ್ಟ ಸೇಬು ಹತ್ತು ತಿಂಗಳ ಬಳಿಕವೂ ಕಚ್ಚಿದರೆ ಕರಕರ ಎನ್ನುತ್ತದೆ. ಇದನ್ನು ವಿಷವೆಂದು ಹೆದರಿಸುವವರು ಉತ್ಪ್ರೇಕ್ಷೆ ಮಾಡುತ್ತಿದ್ದಾರೆ. ಹೊಸದಾಗಿ ಕೊಯ್ದ ಹಣ್ಣಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವವರ ಮಾತೂ ಅಷ್ಟೇ ತಪ್ಪು: ಗಟ್ಟಿತನ ಉಳಿದರೂ ಪರಿಮಳ ಕುಂದುತ್ತದೆ, ವಿಟಮಿನ್ ಸಿ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಕೊಳ್ಳುವವರಿಗೆ ಹಣ್ಣಿನ ವಯಸ್ಸು ಗೊತ್ತಾಗುವ ವ್ಯವಸ್ಥೆ ಬಹುತೇಕ ಎಲ್ಲಿಯೂ ಇಲ್ಲ ಎಂಬುದೇ ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಕೃತಕವಾಗಿ ಹಣ್ಣು ಮಾಡುವುದರ ಬಗ್ಗೆಯೂ ಇದೇ ಬಗೆಯ ಗೊಂದಲವಿದೆ. ಬಲಿತ ಕಾಯಿಯನ್ನು ನಿಯಂತ್ರಿತ ಪ್ರಮಾಣದ ಎಥಿಲೀನ್ ಅನಿಲದಲ್ಲಿಟ್ಟು ಮಾಗಿಸುವುದು ಹಣ್ಣು ತಾನೇ ಮಾಡುವ ಕೆಲಸವನ್ನು ತ್ವರೆಗೊಳಿಸುವುದಷ್ಟೆ. ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಬೇರೆಯೇ ವಿಚಾರ. ತೇವ ತಾಗಿದಾಗ ಅದರಿಂದ ಹೊರಡುವ ಅಸಿಟಿಲೀನ್ ಮಾಗುವಿಕೆಯನ್ನು ಪ್ರಚೋದಿಸುತ್ತದೆ, ನಿಜ. ಆದರೆ ಕೈಗಾರಿಕೆಗೆಂದು ತಯಾರಾದ ಆ ರಾಸಾಯನಿಕದಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳು ಸೇರಿರುವ ಸಾಧ್ಯತೆಯಿದ್ದು, ಹಲವು ದೇಶಗಳು ಇದನ್ನು ನಿಷೇಧಿಸಿವೆ. ಇಂಥ ಅಡ್ಡದಾರಿಗೆ ಆಸೆ ಹುಟ್ಟುವುದು ಹಂಗಾಮು ಶುರುವಾಗುವ ಮುನ್ನ, ಆವಕ ಕಡಿಮೆಯಿದ್ದು ಬೆಲೆ ಏರಿರುವಾಗ. ಹಣ್ಣು ಹೇರಳವಾಗಿ ಮಾರುಕಟ್ಟೆಗೆ ಬರುವ ದಿನಗಳಲ್ಲಿ ಬಲಿಯದ ಕಾಯಿಯನ್ನು ಅವಸರದಿಂದ ಕೆಂಪಾಗಿಸುವುದರಿಂದ ಯಾರಿಗೂ ಗಿಟ್ಟುವುದಿಲ್ಲ. ಸುಗ್ಗಿಯ ನಡುವಿನ ವಾರಗಳವರೆಗೆ ಕಾಯುವುದು, ಆದ್ದರಿಂದ, ಕೊಳ್ಳುವವರಿಗೆ ಖರ್ಚಿಲ್ಲದ ರಕ್ಷಣೆ.

ಸೊಪ್ಪು, ತರಕಾರಿಗಳ ವಿಚಾರಕ್ಕೆ ಬಂದರೆ ಕೊಯ್ಲಿನ ನಂತರದ ಗಂಟೆಗಳು ಹಣ್ಣಿಗಿಂತಲೂ ನಿರ್ಣಾಯಕ. ಬುಡದಿಂದ ಕೊಯ್ದ ಪಾಲಕ್ ಎಲೆ ಸತ್ತಿರುವುದಿಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ಆದರೆ ಬೇರಿನಿಂದ ನೀರು ಬರುವುದು ನಿಂತಿರುತ್ತದೆ. ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಉರಿಸಿಕೊಳ್ಳುತ್ತಾ, ಅಗಲವಾದ ಮೈಯಿಂದ ತೇವ ಕಳೆದುಕೊಳ್ಳುತ್ತಾ ಮೊದಲು ಅಂಚಿನಲ್ಲಿ ಜೋತು ಬೀಳುತ್ತದೆ, ಆಮೇಲೆ ನಡುನರ ಮೆತ್ತಗಾಗುತ್ತದೆ, ಕೊನೆಗೆ ಹಸಿರು ಮಾಸಿ ಹಳದಿ ಇಣುಕುತ್ತದೆ. ಕಣ್ಣಿಗೆ ಕಾಣುವ ಈ ಬಾಡುವಿಕೆಗೆ ಬಹಳ ಮುಂಚೆಯೇ ವಿಟಮಿನ್ ಸಿ ಆಮ್ಲಜನಕದೊಡನೆ ಸೇರಿ ಒಡೆಯಲು ತೊಡಗಿರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟಿಗೆ ಇಟ್ಟಿದೆ. 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಏಳು ದಿನ ಇಟ್ಟಾಗಲೂ ಪಾಲಕ್ ತನ್ನ ವಿಟಮಿನ್ ಸಿಯಲ್ಲಿ ಶೇ 75ರಷ್ಟನ್ನು, ಹಸಿರು ಬೀನ್ಸ್ ಶೇ 77ರಷ್ಟನ್ನು ಕಳೆದುಕೊಂಡರೆ, ಬಟಾಣಿಯಲ್ಲಿ ನಷ್ಟ ಶೇ 15ರಷ್ಟು ಮಾತ್ರ, ಕ್ಯಾರೆಟ್‌ನಲ್ಲಿ ಶೇ 10ರಷ್ಟು. ಎಲ್ಲ ತರಕಾರಿಗೂ ಒಂದೇ ನಿಯಮ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ. ಈರುಳ್ಳಿ, ಆಲೂಗಡ್ಡೆ, ಕುಂಬಳಕಾಯಿಗಳನ್ನು ಸರಿಯಾಗಿ ಒಣಗಿಸಿ ಇಟ್ಟು ಹಂಗಾಮು ಮುಗಿದ ಮೇಲೆ ತಿಂದರೆ ಕಳೆದುಕೊಳ್ಳುವುದು ಅಲ್ಪ. ಸೊಪ್ಪು ಮತ್ತು ಎಳೆಯ ಕಾಯಿಗಳ ವಿಷಯದಲ್ಲಿ ಮಾತ್ರ ಒಂದೊಂದು ದಿನಕ್ಕೂ ಬೆಲೆಯಿದೆ.

ಇಲ್ಲಿ ಋತುಮಾನದ ಪಾತ್ರವೇನು? ತಾಜಾತನ ಬೇರೆ, ಋತುಮಾನ ಬೇರೆ ಎಂದು ವಾದಿಸಬಹುದು. ತಾತ್ವಿಕವಾಗಿ ಅದು ಸರಿಯೂ ಹೌದು. ಆದರೆ ವ್ಯವಹಾರದಲ್ಲಿ, ಒಂದು ತರಕಾರಿ ಹತ್ತಿರದಲ್ಲೇ ಹೇರಳವಾಗಿ ಬೆಳೆಯುತ್ತಿರುವಾಗ ಅದನ್ನು ಯಾರೂ ದೂರದಿಂದ ತರಿಸುವುದಿಲ್ಲ, ದಾಸ್ತಾನು ಮಾಡುವ ಅಗತ್ಯವೂ ಬೀಳುವುದಿಲ್ಲ. ಬಂದದ್ದು ಅಂದೇ ಖರ್ಚಾಗುತ್ತದೆ. ಋತುಮಾನ ತಾಜಾತನಕ್ಕೆ ಭರವಸೆ ಕೊಡದಿದ್ದರೂ ಅದರ ಸಾಧ್ಯತೆಯನ್ನು ಬಹಳ ಮಟ್ಟಿಗೆ ಹೆಚ್ಚಿಸುತ್ತದೆ.

ಕೊಯ್ಲಿನ ನಂತರದ ಕತೆಯಲ್ಲದೆ, ಬೆಳೆಯುವಾಗಲೇ ಕಾಲ ಬದಲಾದಂತೆ ಪೋಷಕಾಂಶವೂ ಬದಲಾಗುತ್ತದೆಯೇ ಎಂಬ ಪ್ರಶ್ನೆಗೂ ಕೆಲವು ಉತ್ತರಗಳಿವೆ. ಅಮೆರಿಕದಲ್ಲಿ ಮಾರಾಟವಾಗುವ ಬ್ರೊಕೊಲಿಯನ್ನು ಬೇರೆ ಬೇರೆ ಕಾಲದಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶರತ್ಕಾಲದ ಬ್ರೊಕೊಲಿಯಲ್ಲಿದ್ದ ವಿಟಮಿನ್ ಸಿ ವಸಂತಕಾಲದ್ದಕ್ಕಿಂತ ಸುಮಾರು ಎರಡು ಪಟ್ಟು ಇತ್ತು. ಸಾವಯವವೋ ಸಾಮಾನ್ಯವೋ ಎಂಬುದಕ್ಕಿಂತ ಯಾವ ಕಾಲದ್ದು ಎಂಬುದೇ ಅಲ್ಲಿ ಹೆಚ್ಚು ವ್ಯತ್ಯಾಸ ಮಾಡಿತ್ತು. (‘ಸಾವಯವ’ ಎಂಬ ಚೀಟಿಗೆ ಹೆಚ್ಚು ಹಣ ತೆರುವವರು, ಅದು ಯಾವ ತಿಂಗಳ ಬೆಳೆಯೆಂದು ಕೇಳುವುದು ಅಪರೂಪ.) ಟೊಮೆಟೊವಿನ ಕೆಂಪಿಗೆ ಕಾರಣವಾದ ಲೈಕೋಪೀನ್, ತಾಪ 30 ಡಿಗ್ರಿ ದಾಟಿದ ಮೇಲೆ ಸರಿಯಾಗಿ ಉತ್ಪತ್ತಿಯಾಗುವುದಿಲ್ಲ, ತೀರ ತಂಪಿನಲ್ಲೂ ಆಗುವುದಿಲ್ಲ. ಬಿಸಿಲು ಚೆನ್ನಾಗಿ ಬಿದ್ದ ಕಾಯಿಯಲ್ಲಿ ವಿಟಮಿನ್ ಸಿ ಹೆಚ್ಚು. ಎಲೆಯ ನೆರಳಿನಲ್ಲಿ ಬೆಳೆದದ್ದರಲ್ಲಿ ಕಡಿಮೆ. ಹಾಗೆಂದು ‘ಋತುಮಾನದ ತರಕಾರಿಯಲ್ಲಿ ಇಂತಿಷ್ಟು ಪಟ್ಟು ಹೆಚ್ಚು ಪೋಷಕಾಂಶ’ ಎಂದು ಸಾರಾಸಗಟಾಗಿ ಹೇಳುವುದು ತಪ್ಪಾಗುತ್ತದೆ. ತಳಿ, ಮಣ್ಣು, ನೀರು, ಕೊಯ್ದ ಹಂತ, ಇವೆಲ್ಲ ಒಂದರ ಮೇಲೊಂದು ಸೇರಿ ಫಲಿತಾಂಶ ನಿರ್ಧಾರವಾಗುತ್ತದೆ. ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ 43 ತೋಟದ ಬೆಳೆಗಳ 1950 ಮತ್ತು 1999ರ ಅಂಕಿಗಳನ್ನು ಹೋಲಿಸಿ, ಒಟ್ಟಾರೆಯಾಗಿ ಪ್ರೋಟೀನ್, ಕ್ಯಾಲ್ಸಿಯಂ, ಕಬ್ಬಿಣ, ವಿಟಮಿನ್ ಸಿ ಮುಂತಾದ ಆರು ಅಂಶಗಳು ಇಳಿದಿರುವುದನ್ನು ಗುರುತಿಸಿದ್ದರು. ಹೆಚ್ಚು ಇಳುವರಿಗಾಗಿ ಆರಿಸಿದ ತಳಿಗಳೇ ಇದಕ್ಕೆ ಮುಖ್ಯ ಕಾರಣವಿರಬಹುದೆಂದು ಅವರ ಅಭಿಪ್ರಾಯ. ತಳಿಯೇ ಸಪ್ಪೆಯಾಗಿದ್ದರೆ ಋತುಮಾನವೊಂದೇ ಅದನ್ನು ಉದ್ಧಾರ ಮಾಡಲಾರದು.

ಬೆಳಕಿಗೂ ಎಲೆಯ ರಸಾಯನಕ್ಕೂ ಇರುವ ನಂಟು ಕಾನೂನಿನ ಪುಸ್ತಕದಲ್ಲೂ ದಾಖಲಾಗಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿರಲಿಕ್ಕಿಲ್ಲ. ಸೊಪ್ಪಿನ ಗಿಡಗಳು ಮಣ್ಣಿನಿಂದ ಹೀರಿದ ನೈಟ್ರೇಟ್ ಎಂಬ ಸಾರಜನಕದ ಲವಣವನ್ನು ಬೆಳಕಿನ ನೆರವಿನಿಂದ ಪ್ರೋಟೀನಾಗಿ ಮಾರ್ಪಡಿಸಿಕೊಳ್ಳುತ್ತವೆ. ಬೆಳಕು ಸಾಲದಿದ್ದರೆ ನೈಟ್ರೇಟ್ ಎಲೆಯಲ್ಲೇ ಉಳಿಯುತ್ತದೆ. ಈ ಕಾರಣದಿಂದ ಐರೋಪ್ಯ ಒಕ್ಕೂಟವು ಲೆಟ್ಯೂಸ್ ಸೊಪ್ಪಿಗೆ ಒಂದೇ ಮಿತಿ ಇಡಲಿಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹಸಿರುಮನೆಯಲ್ಲಿ ಬೆಳೆದದ್ದಕ್ಕೆ ಕಿಲೋಗ್ರಾಮಿಗೆ 5,000 ಮಿಲಿಗ್ರಾಂವರೆಗೆ ನೈಟ್ರೇಟ್‌ಗೆ ಅವಕಾಶವಿದ್ದರೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಬಯಲಿನಲ್ಲಿ ಬೆಳೆದದ್ದಕ್ಕೆ 3,000 ಮಿಲಿಗ್ರಾಂ ಮಾತ್ರ. ಒಂದೇ ಸೊಪ್ಪು, ಎರಡು ಕಾಲ, ಎರಡು ಮಿತಿ. ಚಳಿಗಾಲದ ಸೊಪ್ಪು ಅಪಾಯಕಾರಿ ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಕಾಲಕ್ಕೆ ತಕ್ಕಂತೆ ಎಲೆಯ ಒಳಗಿನ ಸಂಯೋಜನೆ ಬದಲಾಗುತ್ತದೆಂಬುದನ್ನು ನಿಯಮ ರೂಪಿಸುವವರೂ ಒಪ್ಪಿದ್ದಾರೆ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ಅಂಶ.

ಪೋಷಕಾಂಶದ ಲೆಕ್ಕದಲ್ಲಿ ಋತುಮಾನದ ಪರ ವಾದಕ್ಕೆ ಗಂಭೀರವಾದ ಸವಾಲು ಬರುವುದು ಘನೀಕರಿಸಿದ ತರಕಾರಿಯಿಂದ. ಹಂಗಾಮಿನ ತುತ್ತತುದಿಯಲ್ಲಿ ಕೊಯ್ದು, ಬಿಸಿನೀರು ಅಥವಾ ಹಬೆಯಲ್ಲಿ ಕೊಂಚ ಹೊತ್ತು ಹಾಯಿಸಿ, ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟಿಸಿದ ಬಟಾಣಿಯು ಅಂಗಡಿಯಲ್ಲಿ ನಾಲ್ಕು ದಿನ ಬಾಡಿದ ‘ತಾಜಾ’ ಬಟಾಣಿಗಿಂತ ಮೇಲಾಗಿರುವುದು ಸಾಧ್ಯ. ಎಂಟು ಬಗೆಯ ಹಣ್ಣು–ತರಕಾರಿಗಳನ್ನು ಹೋಲಿಸಿ ಡೇವಿಸ್ ಕೇಂದ್ರದವರೇ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಘನೀಕರಿಸಿದವುಗಳ ವಿಟಮಿನ್ ಪ್ರಮಾಣ ಒಟ್ಟಿನಲ್ಲಿ ತಾಜಾ ಪದಾರ್ಥಕ್ಕೆ ಸಮನಾಗಿತ್ತು, ಕೆಲವೊಮ್ಮೆ ಹೆಚ್ಚೂ ಇತ್ತು; ಕೆಲವು ತರಕಾರಿಗಳಲ್ಲಿ ವಿಟಮಿನ್ ಎಗೆ ಮೂಲವಾದ ಬೀಟಾ ಕ್ಯಾರೊಟಿನ್ ಮಾತ್ರ ಗಣನೀಯವಾಗಿ ಇಳಿದಿತ್ತು. ನನ್ನ ದೃಷ್ಟಿಯಲ್ಲಿ ಇದು ಋತುಮಾನದ ವಾದಕ್ಕೆ ವಿರುದ್ಧವಲ್ಲ. ಘನೀಕರಣವೂ, ಒಣಗಿಸುವುದೂ, ಉಪ್ಪಿನಲ್ಲಿ ಹುದುಗಿಸುವುದೂ ಸುಗ್ಗಿಯಲ್ಲಿ ಬಂದದ್ದನ್ನು ಮುಂದಿನ ತಿಂಗಳುಗಳಿಗೆ ಕಾಪಿಡುವ ಬಗೆಗಳೇ. ಕಾಲದಲ್ಲಿ ಬೆಳೆದು ಕಾಪಿಟ್ಟದ್ದಕ್ಕೂ, ಅಕಾಲದಲ್ಲಿ ಒತ್ತಾಯದಿಂದ ಬೆಳೆದದ್ದಕ್ಕೂ ವ್ಯತ್ಯಾಸವಿದೆ.

ರುಚಿಯ ವಿಷಯವನ್ನು ಪೋಷಣೆಯ ತಜ್ಞರು ಸಾಮಾನ್ಯವಾಗಿ ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಋತುಮಾನದ ಲಾಭಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ ಎಂದು ನಾನು ಭಾವಿಸುತ್ತೇನೆ. ತರಕಾರಿ ತಿನ್ನದವರಿಗೆ ತರಕಾರಿಯ ಪ್ರಯೋಜನ ತಿಳಿಯದೇ ಇಲ್ಲ. ಅವರು ತಿನ್ನದಿರುವುದು ಬಹುಮಟ್ಟಿಗೆ ಅದು ಸಪ್ಪೆ ಎಂಬ ಕಾರಣಕ್ಕೆ. ದೂರದ ಸಾಗಣೆಗೆಂದು ಹಸಿರಾಗಿರುವಾಗಲೇ ಕೊಯ್ದು, ತಂಪಿನಲ್ಲಿಟ್ಟು, ಎಥಿಲೀನ್ ಕೊಟ್ಟು ಕೆಂಪಾಗಿಸಿದ ಟೊಮೆಟೊ ನೋಡಲು ಟೊಮೆಟೊವೇ. ಫ್ಲೋರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಸಂಶೋಧನೆ, ಮಾಗಿದ ಟೊಮೆಟೊವನ್ನು 5 ಡಿಗ್ರಿಯಲ್ಲಿ ಏಳು ದಿನ ಇಟ್ಟರೆ ಪರಿಮಳ ನೀಡುವ ಸಂಯುಕ್ತಗಳನ್ನು ತಯಾರಿಸುವ ವಂಶವಾಹಿಗಳ ಚಟುವಟಿಕೆಯೇ ಕುಗ್ಗುತ್ತದೆಂದೂ, ಮತ್ತೆ ಕೋಣೆಯ ತಾಪಕ್ಕೆ ತಂದರೂ ಪರಿಮಳ ಪೂರ್ತಿ ಮರಳುವುದಿಲ್ಲವೆಂದೂ ತೋರಿಸಿತು. ಸಕ್ಕರೆ, ಹುಳಿಗಳು ಹೆಚ್ಚು ಬದಲಾಗದಿದ್ದರೂ ಮೂಗಿಗೆ ತಲುಪುವ ಭಾಗ ಕಳೆದುಹೋಗಿರುತ್ತದೆ. ರುಚಿಯೆಂದು ನಾವು ತಿಳಿಯುವುದರಲ್ಲಿ ಮೂಗಿನ ಪಾಲೇ ದೊಡ್ಡದು. ಸಿಹಿ ಮೆಕ್ಕೆಜೋಳ ಮತ್ತು ಹಸಿ ಬಟಾಣಿಯಲ್ಲಿ ಇನ್ನೊಂದು ಬಗೆಯ ನಷ್ಟವಿದೆ: ಕೊಯ್ದ ಕ್ಷಣದಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗಿ ತಿರುಗಲಾರಂಭಿಸುತ್ತದೆ, ಬಿಸಿಲಿನಲ್ಲಿ ಬಿಟ್ಟರೆ ಒಂದೇ ದಿನದಲ್ಲಿ ನಾಲಿಗೆಗೆ ಗೊತ್ತಾಗುವಷ್ಟು. ಮಕ್ಕಳಿಗೆ ಬಟಾಣಿ ಇಷ್ಟವಿಲ್ಲ ಎಂದು ದೂರುವ ಮನೆಗಳಲ್ಲಿ ಒಮ್ಮೆ ಅಂದೇ ಕೊಯ್ದ ಕಾಯಿಯನ್ನು ಸುಲಿದು ಕೊಟ್ಟು ನೋಡಬೇಕು. ರುಚಿಯಾದದ್ದನ್ನು ಜನ ಹೆಚ್ಚು ತಿನ್ನುತ್ತಾರೆ, ಹೆಚ್ಚು ತಿಂದರೆ ಆರೋಗ್ಯಕ್ಕೆ ಅನುಕೂಲ. ವಿಟಮಿನ್ ಸಿಯ ಶೇಕಡಾವಾರು ಏರಿಳಿತಕ್ಕಿಂತ ಈ ಸರಳ ಸಂಬಂಧ ದೊಡ್ಡ ಪರಿಣಾಮ ಬೀರುತ್ತದೆ.

ವೈವಿಧ್ಯ ಮತ್ತೊಂದು ಲಾಭ. ವರ್ಷವಿಡೀ ಎಲ್ಲವೂ ಸಿಗುವಾಗ ಜನ ಎಲ್ಲವನ್ನೂ ತಿನ್ನುತ್ತಾರೆಂದು ಎಣಿಸಿದರೆ ಅದು ತಪ್ಪು; ನಾಲ್ಕೈದು ಪರಿಚಿತ ತರಕಾರಿಗಳನ್ನೇ ವರ್ಷವಿಡೀ ಸುತ್ತುತ್ತಾರೆ. ಕಾಲವನ್ನು ಅನುಸರಿಸಿದರೆ ತಟ್ಟೆ ತಾನಾಗಿಯೇ ಬದಲಾಗುತ್ತದೆ: ಒಂದು ಕಾಲದಲ್ಲಿ ಸೊಪ್ಪು, ಇನ್ನೊಂದರಲ್ಲಿ ನೀರಿನಂಶ ಹೆಚ್ಚಿರುವ ಬಳ್ಳಿಕಾಯಿಗಳು, ಮತ್ತೊಂದರಲ್ಲಿ ಗೆಡ್ಡೆಗಳು. ತಾಂಜಾನಿಯದ ಹಡ್ಜಾ ಬೇಟೆಗಾರ ಸಮುದಾಯದ ಕರುಳಿನ ಸೂಕ್ಷ್ಮಜೀವಿಗಳು ಮಳೆಗಾಲ, ಒಣಗಾಲಗಳಿಗೆ ತಕ್ಕಂತೆ ಬದಲಾಗಿ, ಮುಂದಿನ ವರ್ಷ ಅದೇ ಕಾಲಕ್ಕೆ ಮತ್ತೆ ಹಿಂದಿನ ಸ್ಥಿತಿಗೆ ಬರುತ್ತವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಕುತೂಹಲಕರ ಸಂಗತಿ, ಆದರೆ ಹಾಗೆ ಬದಲಾಗುವುದೇ ಆರೋಗ್ಯಕ್ಕೆ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ಅದೇ ರೀತಿ, ‘ಪ್ರಕೃತಿ ಆಯಾ ಕಾಲದಲ್ಲಿ ದೇಹಕ್ಕೆ ಬೇಕಾದದ್ದನ್ನೇ ಕೊಡುತ್ತದೆ’ ಎಂಬ ಮಾತು ಕೇಳಲು ಹಿತವಾಗಿದ್ದರೂ ಅದನ್ನು ನಿಯಮವಾಗಿ ಸ್ವೀಕರಿಸುವುದು ಕಷ್ಟ. ಗಿಡ ಕಾಯಿ ಬಿಡುವುದು ತನ್ನ ಬೀಜದ ಪ್ರಸಾರಕ್ಕೆ. ಬೇಸಿಗೆಯಲ್ಲಿ ಕಲ್ಲಂಗಡಿ ಸಿಗುವುದು ನಮ್ಮ ಭಾಗ್ಯ, ಅದಕ್ಕೆ ಅದರದೇ ಕಾರಣಗಳಿವೆ.

ಪರಿಸರದ ವಾದಕ್ಕೆ ಬಂದರೆ ಇಲ್ಲಿ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ‘ಋತುಮಾನದ್ದು’ ಮತ್ತು ‘ಸ್ಥಳೀಯ’ ಎಂಬ ಎರಡನ್ನು ಒಂದೆಂಬಂತೆ ಬಳಸುವ ರೂಢಿ ಬೆಳೆದಿದೆ. ಸಂಶೋಧಕರು ಇವನ್ನು ಬೇರ್ಪಡಿಸುತ್ತಾರೆ. ಹೊರಗಿನ ಶಾಖ–ಬೆಳಕಿಲ್ಲದೆ ಜಗತ್ತಿನ ಯಾವುದೋ ಮೂಲೆಯಲ್ಲಿ ಸಹಜ ಕಾಲದಲ್ಲಿ ಬೆಳೆದದ್ದು ಒಂದು ಅರ್ಥದ ಋತುಮಾನ. ತಿನ್ನುವವರ ಪ್ರದೇಶದಲ್ಲೇ ಹಾಗೆ ಬೆಳೆದು ಅಲ್ಲೇ ಬಳಕೆಯಾದದ್ದು ಇನ್ನೊಂದು ಅರ್ಥದ್ದು. ಈ ಭೇದ ಎಷ್ಟು ಮುಖ್ಯವೆಂಬುದು ಟೊಮೆಟೊ ಲೆಕ್ಕದಲ್ಲಿ ಕಾಣುತ್ತದೆ. ಸ್ವೀಡನ್ನಿನ ಬಿಸಿಮಾಡಿದ ಹಸಿರುಮನೆಯಲ್ಲಿ ಬೆಳೆದ ಟೊಮೆಟೊ, ದಕ್ಷಿಣ ಯುರೋಪಿನ ಬಿಸಿಲಿನಲ್ಲಿ ಸಹಜ ಕಾಲದಲ್ಲಿ ಬೆಳೆದು ಲಾರಿಯಲ್ಲಿ ಬಂದ ಟೊಮೆಟೊಗಿಂತ ಸುಮಾರು ಹತ್ತು ಪಟ್ಟು ಶಕ್ತಿ ಬಳಸಿತ್ತೆಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಹತ್ತಿರದ್ದೆಲ್ಲ ಹಸಿರಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪೂರ್ ಮತ್ತು ನೆಮೆಸೆಕ್ ಎಂಬ ಸಂಶೋಧಕರು ಪ್ರಕಟಿಸಿದ ವಿಸ್ತಾರವಾದ ವಿಶ್ಲೇಷಣೆಯ ಪ್ರಕಾರ, ಆಹಾರದಿಂದ ಹೊರಹೊಮ್ಮುವ ಒಟ್ಟು ಹಸಿರುಮನೆ ಅನಿಲಗಳಲ್ಲಿ ಸಾಗಣೆಯ ಪಾಲು ಶೇ 6ರಷ್ಟು ಮಾತ್ರ. ಹಡಗಿನಲ್ಲಿ ಬಂದ ಬಾಳೆಹಣ್ಣಿನ ಬಗ್ಗೆ ಪಾಪಪ್ರಜ್ಞೆ ಪಡುವವರು ಈ ಅಂಕಿಯನ್ನು ಗಮನಿಸಬಹುದು.

ಇದಕ್ಕೆ ಅಪವಾದವೆಂದರೆ ವಿಮಾನ. ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಸಾಗಿಸಲು ವಿಮಾನ ಹೊರಬಿಡುವ ಹಸಿರುಮನೆ ಅನಿಲ ಹಡಗಿನದ್ದಕ್ಕಿಂತ ಸುಮಾರು ಐವತ್ತು ಪಟ್ಟು ಹೆಚ್ಚು. ಒಟ್ಟು ಆಹಾರ ಸಾಗಣೆಯಲ್ಲಿ ವಿಮಾನದ ಪಾಲು ಅತ್ಯಲ್ಪವಾದರೂ, ಹಾಗೆ ಹಾರಿಬರುವುದು ಬಹುಪಾಲು ಋತುಮಾನ ಮೀರಿದ ಹಣ್ಣು–ತರಕಾರಿಯೇ: ಬೇಗ ಕೆಡುವ ಬೆರಿ ಹಣ್ಣುಗಳು, ಎಳೆಯ ಬೀನ್ಸ್, ಶತಾವರಿಯ ಎಳೆ ಕುಡಿಗಳು. ತಿಂಗಳುಗಟ್ಟಲೆ ಶೈತ್ಯಾಗಾರದಲ್ಲಿಟ್ಟ ಸ್ವದೇಶದ ಸೇಬು ಮೇಲೋ, ಭೂಗೋಳದ ಇನ್ನೊಂದು ಅರ್ಧದಿಂದ ಆಗಷ್ಟೇ ಕೊಯ್ದು ಹಡಗಿನಲ್ಲಿ ತಂದ ಸೇಬು ಮೇಲೋ ಎಂಬ ಪ್ರಶ್ನೆಯನ್ನು ಬ್ರಿಟನ್ ಮತ್ತು ನ್ಯೂಜಿಲೆಂಡ್‌ಗಳ ಸಂಬಂಧದಲ್ಲಿ ಸಂಶೋಧಕರು ಕೆದಕಿದ್ದಾರೆ. ಶೈತ್ಯಾಗಾರಕ್ಕೆ ತಗಲುವ ವಿದ್ಯುತ್ತು, ಅಲ್ಲಿ ಹಾಳಾಗುವ ಹಣ್ಣು ಇವೆರಡನ್ನೂ ಲೆಕ್ಕಕ್ಕೆ ಹಿಡಿದರೆ ಕೊಯ್ಲಾಗಿ ತಿಂಗಳುಗಳು ಉರುಳಿದಂತೆ ಅಂತರ ಕಿರಿದಾಗುತ್ತದೆ. ಕೊಯ್ಲಾದ ಮೊದಲ ತಿಂಗಳುಗಳಲ್ಲಿ ಹತ್ತಿರದ ಹಣ್ಣಿಗೆ ಸಂದೇಹವಿಲ್ಲದ ಮೇಲುಗೈ.

ಪೋಲಿನ ಲೆಕ್ಕವನ್ನೂ ಇಲ್ಲಿಯೇ ಸೇರಿಸಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2019ರ ವರದಿಯಂತೆ, ಕೊಯ್ಲಿನ ನಂತರ ಚಿಲ್ಲರೆ ಅಂಗಡಿ ತಲುಪುವುದರೊಳಗೆ ಒಟ್ಟು ಆಹಾರದಲ್ಲಿ ಶೇ 14ರಷ್ಟು ನಷ್ಟವಾಗುತ್ತಿದ್ದು, ಹಣ್ಣು–ತರಕಾರಿಗಳಲ್ಲಿ ಇದು ಶೇ 20ನ್ನು ಮೀರುತ್ತದೆ. ಸುಗ್ಗಿಯಲ್ಲಿ ಬೆಲೆ ಕುಸಿದು ಬೆಳೆಗಾರ ಫಸಲನ್ನು ಹೊಲದಲ್ಲೇ ಬಿಡುವ ಸಂದರ್ಭಗಳೂ ಉಂಟು. ಬಳಕೆದಾರರು ಆ ಕೆಲವೇ ವಾರಗಳಲ್ಲಿ ಹೆಚ್ಚು ಕೊಂಡು, ಮನೆಯಲ್ಲೇ ಒಂದಿಷ್ಟು ಕಾಪಿಟ್ಟರೆ ಅಗ್ಗದ ಲಾಭ ಅವರಿಗೆ, ಬೇಡಿಕೆಯ ಆಸರೆ ಬೆಳೆಗಾರನಿಗೆ. ಆದರೆ ಋತುಮಾನದ ಪ್ರಚಾರದಿಂದಷ್ಟೇ ಬೆಲೆ ಕುಸಿತ ನಿಲ್ಲುವುದೆಂದು ನಂಬಿಸುವುದು ಸರಿಯಲ್ಲ. ಅದಕ್ಕೆ ಸಂಸ್ಕರಣೆ, ಸಂಗ್ರಹಣೆಗಳ ಏರ್ಪಾಡೇ ಬೇಕು.

ಈ ಚರ್ಚೆಯಲ್ಲಿ ಒಂದು ಅಪಾಯವೂ ಅಡಗಿದೆ. ಋತುಮಾನದ್ದಲ್ಲದ ತರಕಾರಿ ನಿಷ್ಪ್ರಯೋಜಕ ಎಂಬ ಭಾವನೆ ಬಲವಾದರೆ ಜನ ಋತುಮಾನದ್ದಕ್ಕೆ ಬದಲಾಗದೆ, ತರಕಾರಿಯನ್ನೇ ಕಡಿಮೆ ಮಾಡುವ ಸಾಧ್ಯತೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ ಶಿಫಾರಸು ಮಾಡುತ್ತದೆ. ಜಗತ್ತಿನ ಬಹಳಷ್ಟು ಜನ ಆ ಮಟ್ಟ ಮುಟ್ಟುವುದಿಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಜಾಗತಿಕ ಅಧ್ಯಯನ, ಆಹಾರಕ್ರಮದ ದೋಷದಿಂದ 2017ರಲ್ಲಿ ಸಂಭವಿಸಿದ ಸುಮಾರು 1.1 ಕೋಟಿ ಸಾವುಗಳಿಗೆ ಮುಖ್ಯ ಕಾರಣಗಳಲ್ಲಿ ಅತಿಯಾದ ಉಪ್ಪು, ಇಡಿ ಧಾನ್ಯಗಳ ಕೊರತೆಗಳ ಜೊತೆಗೆ ಹಣ್ಣಿನ ಕೊರತೆಯನ್ನೂ ಎಣಿಸಿತ್ತು. ವಿಟಮಿನ್ ಸಿ ಅರ್ಧ ಕಳೆದುಕೊಂಡ ಪಾಲಕ್‌ನಲ್ಲಿಯೂ ನಾರು, ಖನಿಜ, ವಿಟಮಿನ್ ಕೆ ಉಳಿದಿರುತ್ತವೆ. ಹೊಲ ಹೆಪ್ಪುಗಟ್ಟುವ ಅಥವಾ ಒಣಗಿ ಬಿರುಕು ಬಿಡುವ ತಿಂಗಳುಗಳಲ್ಲಿ ಶೈತ್ಯಾಗಾರದ ಸೇಬು, ಹೆಪ್ಪುಗಟ್ಟಿಸಿದ ಬಟಾಣಿ, ಡಬ್ಬಿಯ ಟೊಮೆಟೊ ಇವೇ ಆಧಾರ. ಅವನ್ನು ಕೀಳಾಗಿ ಕಾಣುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಕೊಳ್ಳುವಾಗ ಏನನ್ನು ನೋಡಬೇಕು? ಬೆಲೆ ಇಳಿಮುಖವಾಗಿದ್ದು ರಾಶಿ ದೊಡ್ಡದಾಗಿದ್ದರೆ ಹಂಗಾಮು ನಡೆಯುತ್ತಿದೆ ಎಂದರ್ಥ. ಯಾವ ಪಟ್ಟಿಯೂ ಇಲ್ಲದವರಿಗೆ ಇದೇ ಸುಲಭದ ಗುರುತು. ಬೀನ್ಸ್ ಮುರಿದಾಗ ಚಟ್ಟೆಂದು ಸದ್ದಾಗಬೇಕು, ಬಟಾಣಿ ಸಿಪ್ಪೆ ಉಜ್ಜಿದರೆ ಕಿರುಗುಟ್ಟಬೇಕು, ಸೊಪ್ಪಿನ ಕಟ್ಟಿನ ಬುಡದಲ್ಲಿ ಕೊಯ್ದ ಜಾಗ ಕಂದು ತಿರುಗಿರಬಾರದು, ಹಣ್ಣಿನ ತೊಟ್ಟಿನ ಬಳಿ ಪರಿಮಳ ಬರಬೇಕು. ಮೈಬಣ್ಣವನ್ನು ಮಾತ್ರ ನಂಬಬಾರದು. ಎಥಿಲೀನ್ ಅನಿಲಕ್ಕೆ ಬಣ್ಣ ತಿರುಗಿಸುವುದು ಬಲು ಸುಲಭ. ಬೇಗ ಕೆಡುವವುಗಳ ವಿಷಯದಲ್ಲಿ ಕಾಲಕ್ಕೆ ಕಟ್ಟುನಿಟ್ಟಾಗಿರುವುದೂ, ಗೆಡ್ಡೆ–ಈರುಳ್ಳಿ–ಕುಂಬಳದ ವಿಷಯದಲ್ಲಿ ಸಡಿಲವಾಗಿರುವುದೂ ವಿವೇಕದ ಹಂಚಿಕೆಯೆನ್ನಬಹುದು.

ಇಷ್ಟೆಲ್ಲ ಲೆಕ್ಕಾಚಾರಕ್ಕೆ ಆಧಾರವಾದ ಋತುಗಳೇ ಈಗ ಜಾಗ ಬದಲಿಸುತ್ತಿವೆ. ಜಪಾನಿನ ಎರಡು ಸೇಬಿನ ಪ್ರದೇಶಗಳಲ್ಲಿ 1970ರಿಂದ 2010ರವರೆಗೆ ಕೂಡಿಟ್ಟ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ಹೂ ಬಿಡುವ ಕಾಲ ಮೊದಲಿಗಿಂತ ಬೇಗ ಬರುತ್ತಿರುವುದನ್ನೂ, ಹಣ್ಣು ಮಾಗುವಾಗಿನ ತಾಪ ಏರಿರುವುದನ್ನೂ ಕಂಡರು. ಫ್ಯೂಜಿ ಮತ್ತು ಸುಗಾರು ತಳಿಗಳೆರಡರಲ್ಲೂ ಹುಳಿ ಮತ್ತು ಗಟ್ಟಿತನ ಕುಗ್ಗಿತ್ತು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಗಮನಾರ್ಹವಾದದ್ದೆಂದರೆ ಮರ, ತಳಿ, ಊರು ಯಾವುದೂ ಬದಲಾಗದೆ ಹಣ್ಣು ಬದಲಾಗಿತ್ತು ಎಂಬುದು. ಚಳಿಗಾಲ ಬೆಚ್ಚಗಾದ ಕಡೆ ಸೇಬಿನ ಜಾತಿಯ ಮರಗಳಿಗೆ ಬೇಕಾದ ತಂಪಿನ ಗಂಟೆಗಳು ಸಾಲದಾಗುತ್ತಿವೆ. ಬೇಗ ಅರಳಿದ ಹೂ ತಡವಾಗಿ ಬಂದ ಹಿಮಕ್ಕೆ ಸುಟ್ಟುಹೋಗುವುದೂ ಉಂಟು. ಯಾವ ತಿಂಗಳಲ್ಲಿ ಯಾವ ಹಣ್ಣು ಎಂದು ತಿಳಿಸಲು ಮುದ್ರಿಸಿ ಹಂಚುವ ಪಟ್ಟಿಗಳು ಹಿಂದಿನ ದಶಕಗಳ ಹವೆಯ ಸರಾಸರಿಯ ಮೇಲೆ ತಯಾರಾದವು. ಅವನ್ನು ಕೆಲವು ವರ್ಷಗಳಿಗೊಮ್ಮೆ ಹೊಲದ ದಾಖಲೆಗಳೊಡನೆ ತಾಳೆ ನೋಡಿ ತಿದ್ದಬೇಕು. ತಿದ್ದುವವರೆಗೆ, ಪಟ್ಟಿಯಲ್ಲಿರುವ ತಿಂಗಳ ಹೆಸರಿಗಿಂತ ಪೆಟ್ಟಿಗೆಯ ಮೇಲೆ ಬರೆದ ಕೊಯ್ಲಿನ ದಿನಾಂಕ ಹೆಚ್ಚು ಉಪಯುಕ್ತ ಮಾಹಿತಿ. ಅದನ್ನು ಬರೆಯುವುದು ಕಡ್ಡಾಯವಾದರೆ ಮಾತ್ರ ಅದು ಕೊಳ್ಳುವವರ ಕಣ್ಣಿಗೆ ಬೀಳುತ್ತದೆ.